ಸಹಿ ಹಾಕುವ ಹಕ್ಕು ಯಾರಿಗೆ?

ಪಿಯುಸಿ ಫಲಿತಾಂಶ ಬಂತೆಂದರೆ ಸುಳ್ಯ ತಾಲೂಕಿನ ಗಡಿಗ್ರಾಮ ಮಂಡೆಕೋಲಿನಂಥ ಕಡೆಯೂ ಚರ್ಚೆ ಶುರು. ಬಿ.ಕಾಂ. ಸಾಕೇ, ಸಿ.ಎ. ಮಾಡಬೇಕೇ, ಈ ಸಿ.ಎಫ್.ಎ. ಎಂದರೇನು? ಉತ್ತರ ಬೇಕಿದ್ದರೆ ಈ ಸರ್ಟಿಫಿಕೇಟುಗಳು ಏಕೆ ಹುಟ್ಟಿದವು ಎಂಬುದನ್ನು ಮೊದಲು ತಿಳಿಯಬೇಕು.

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಬ್ಯಾಂಕುಗಳ ತವರು. 1906ರಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೆ ಕಾರಣರಾದ ಹಾಜಿ ಅಬ್ದುಲ್ಲಾ ವ್ಯಾಪಾರಿ. 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಟಿ.ಎಂ.ಎ. ಪೈ ವೈದ್ಯರು, ವಾಮನ ಕುಡ್ವ ಇಂಜಿನಿಯರ್. ಇವರ್‍ಯಾರೂ ಹಣಕಾಸಿನ ಪದವಿ ಪಡೆದು ಬಂದವರಲ್ಲ. ಜನರ ನಂಬಿಕೆಯೇ ಅವರ ಸರ್ಟಿಫಿಕೇಟು.

ಆದರೆ ಲೆಕ್ಕ ಬರೆಯುವವನನ್ನು ನಂಬಿದರೆ ಸಾಲದು, ಅದನ್ನು ಹೊರಗಿನವರೊಬ್ಬರು ಪರಿಶೀಲಿಸಬೇಕು ಎಂಬುದು ಕಾನೂನಿನ ನಿಲುವು. 1913ರ ಕಂಪೆನಿ ಕಾಯಿದೆ ಲೆಕ್ಕಪರಿಶೋಧಕರಿಗೆ ಸರಕಾರದ ಪ್ರಮಾಣಪತ್ರ ಬೇಕೆಂದಿತು. 1918ರಲ್ಲಿ ಮುಂಬಯಿಯಲ್ಲಿ ಲೆಕ್ಕಶಾಸ್ತ್ರದ ಸರಕಾರಿ ಡಿಪ್ಲೊಮಾ ಬಂತು. ಸ್ವಾತಂತ್ರ್ಯಾನಂತರ, 1949ರ ಜುಲೈ 1ರಂದು, ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಕಂಪೆನಿಯ ವಾರ್ಷಿಕ ಲೆಕ್ಕಕ್ಕೆ ಪರಿಶೋಧಕರಾಗಿ ಸಹಿ ಹಾಕುವ ಹಕ್ಕು ಇಂದಿಗೂ ಅವರದೇ. ಉತ್ಪಾದನಾ ವೆಚ್ಚದ ಪರಿಶೋಧನೆ 1959ರ ಕಾಯಿದೆಯಡಿ ಬಂದ ಕಾಸ್ಟ್ ಅಕೌಂಟೆಂಟರ ಪಾಲು. ಷೇರುಪೇಟೆಯಲ್ಲಿ ನೋಂದಾಯಿತ ಕಂಪೆನಿಗಳಿಗೆ ಕಂಪೆನಿ ಸೆಕ್ರೆಟರಿ ಕಡ್ಡಾಯ. ಅವರ ಕಾಯಿದೆ 1980ರದು.

ಬ್ಯಾಂಕಿನ ದಾರಿಯೇ ಬೇರೆ. 1928ರಲ್ಲಿ ಸ್ಥಾಪನೆಯಾದ ಬ್ಯಾಂಕರುಗಳ ಸಂಸ್ಥೆ ಪರೀಕ್ಷೆ ನಡೆಸಿದ್ದು ಮುಖ್ಯವಾಗಿ ಕೆಲಸದಲ್ಲಿದ್ದವರಿಗೆ. ಮೊದಲು ನೌಕರಿ, ಆಮೇಲೆ ಓದು. ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡವು. 2011ರಿಂದ ಸರಕಾರಿ ಬ್ಯಾಂಕುಗಳ ಗುಮಾಸ್ತ, ಅಧಿಕಾರಿ ಹುದ್ದೆಗಳಿಗೆ ದೇಶವ್ಯಾಪಿ ಸಾಮಾನ್ಯ ಪರೀಕ್ಷೆ ಬಂತು. ಸ್ಟೇಟ್ ಬ್ಯಾಂಕ್ ಮಾತ್ರ ತನ್ನದೇ ಪರೀಕ್ಷೆ ನಡೆಸುತ್ತದೆ. ಯಾವ ಪದವಿಯಾದರೂ ನಡೆಯುತ್ತದೆ, ಬಿ.ಕಾಂ. ಆಗಲೇಬೇಕೆಂದಿಲ್ಲ. 2019-20ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಹೆಸರುಗಳೇ ಇಲ್ಲವಾದವು. ಊರಿನ ಬ್ಯಾಂಕಿನಲ್ಲಿ ಊರಿನ ಹುಡುಗ ಎಂಬ ಕಾಲ ಮುಗಿಯಿತು.

ಸಿ.ಎಫ್.ಎ. ಅಮೆರಿಕದ್ದು. ಮೊದಲ ಪರೀಕ್ಷೆ ನಡೆದದ್ದು 1963ರಲ್ಲಿ. ಹೂಡಿಕೆ ಸಂಸ್ಥೆಗಳು ಇದಕ್ಕೆ ಬೆಲೆ ಕೊಡುತ್ತವೆ. ಆದರೆ ಲೆಕ್ಕಪರಿಶೋಧನೆಗೆ ಸಹಿ ಹಾಕುವ ಹಕ್ಕನ್ನು ಇದು ಕೊಡುವುದಿಲ್ಲ. ಶುಲ್ಕವೂ ಡಾಲರಿನಲ್ಲಿ.

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಮುಂದಾಳುತನದಲ್ಲಿ ನೆಹರು ಮೆಮೋರಿಯಲ್ ಕಾಲೇಜು ಆರಂಭವಾದದ್ದು 1976ರಲ್ಲಿ. ಪದವಿಗಾಗಿ ಬೇರೆ ಊರಿಗೇ ಹೋಗಬೇಕೆಂಬ ಕಷ್ಟ ಅಲ್ಲಿಗೆ ತಪ್ಪಿತು. ಸಿ.ಎ.ಗೂ ಪದವಿ ವ್ಯರ್ಥವಲ್ಲ. ಬಿ.ಕಾಂ.ನಲ್ಲಿ ಶೇ. 55, ವಾಣಿಜ್ಯೇತರ ಪದವಿಯಲ್ಲಿ ಶೇ. 60 ಅಂಕವಿದ್ದರೆ ಪ್ರವೇಶ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. 2023ರ ಹೊಸ ಪದ್ಧತಿಯಲ್ಲಿ ಲೆಕ್ಕಪರಿಶೋಧಕರ ಕೈಕೆಳಗಿನ ತರಬೇತಿ ಮೂರರ ಬದಲು ಎರಡು ವರ್ಷ.

ಮನೆಯವರು ತೋಟದ ಆದಾಯದಲ್ಲಿ ಶುಲ್ಕ ಕಟ್ಟುವಾಗ ಜಾಹೀರಾತಿನ ಸಂಬಳದ ಅಂಕಿ ನೋಡಿ ತೀರ್ಮಾನಿಸುವುದು ಸರಿಯಲ್ಲ. ಈ ಸರ್ಟಿಫಿಕೇಟನ್ನು ಕೇಳುವವರು ಯಾರು, ಕಾನೂನೋ, ಬ್ಯಾಂಕೋ, ಮಾರುಕಟ್ಟೆಯೋ? ಕಾನೂನು ಕೊಟ್ಟ ಹಕ್ಕು ಸುಲಭವಾಗಿ ಹೋಗದು, ಮಾರುಕಟ್ಟೆಯ ಬೇಡಿಕೆ ಏರಿಳಿಯುತ್ತಿರುತ್ತದೆ. ಅಷ್ಟನ್ನು ತಿಳಿದುಕೊಂಡು ಅರ್ಜಿ ತುಂಬಿದರೆ ಒಳ್ಳೆಯದು.