ಏರಿ ಮೇಲಿನ ಗಾಳ: ಕೆರೆ ಮೀನಿಗೆ ಯಜಮಾನ ಬಂದಿದ್ದು ಯಾವಾಗ?

ಇವತ್ತಿನ ಕಂತಿನಲ್ಲಿ ನಮ್ಮ ಮಾತು ಗಾಳದ ಬಗ್ಗೆ. ಹೌದು, ಮೀನು ಹಿಡಿಯೋ ಗಾಳ.

ಗಾಳ ಅಂದ ಕೂಡಲೇ ಫೋನಿನಲ್ಲಿ ನೋಡಿದ ರೀಲ್ಸ್ ನೆನಪಾಗಬಹುದು. ಕಾಪು, ಮುರುಡೇಶ್ವರದ ಕಡೆಯ ಕಡಲ ಬಂಡೆ, ಕೆಳಗೆ ನೊರೆಯೆದ್ದ ಅಲೆ, ಮೇಲೆ ಉದ್ದನೆ ರಾಡ್ ಹಿಡಿದು ನಿಂತ ಹುಡುಗರು. ಕಡೂರು, ತರೀಕೆರೆ, ಅಜ್ಜಂಪುರಕ್ಕೆ ಕಡಲಿಲ್ಲ, ಅದು ಘಟ್ಟದ ಆಚೆ. ಆದರೆ ಕಲ್ಲಿನ ಮೇಲೆ ನಿಂತು ಗಾಳ ಬಿಡೋದು ಇಲ್ಲೂ ಇದೆ. ಇಲ್ಲಿಯ ಬಂಡೆ ಅಂದ್ರೆ ಕೆರೆ ಏರಿಯ ಕಲ್ಲುಕಟ್ಟು, ತೂಬಿನ ಕಲ್ಲು, ಕೋಡಿಯ ಬದಿ. ಒಂದು ಬಿದಿರು ಕಡ್ಡಿ, ದಾರ, ಬೆಂಡು, ಕೊಕ್ಕೆಗೆ ಎರೆಹುಳು. ಅಷ್ಟೇ ಸಾಮಾನು.

ಒಂದು ವ್ಯತ್ಯಾಸ ಇದೆ. ಕಡಲಿಗೆ ಗಾಳ ಎಸೆದವನನ್ನು 'ಈ ಮೀನು ಯಾರದ್ದು' ಅಂತ ಯಾರೂ ಕೇಳಲ್ಲ. ಕೆರೆಯಲ್ಲಿ ಕೇಳ್ತಾರೆ. ಈ ಪ್ರಶ್ನೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ.

ಕಥೆಯ ಒಂದು ತುದಿ ಮಂಗಳೂರಿನಲ್ಲಿದೆ. ಹೆನ್ರಿ ಸಲಿವನ್ ಥಾಮಸ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು, ಗಾಳದ ಹುಚ್ಚಿನವರು. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಪುಸ್ತಕ ಬರೆದರು. ಅದು ಅಚ್ಚಾಗಿದ್ದೂ ಮಂಗಳೂರಿನಲ್ಲೇ. ಹೊಳೆಯ ಮಹಶೀರ್ ಅವರ ಅಚ್ಚುಮೆಚ್ಚು. ಆಮೇಲೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕೋದರ ಬಗ್ಗೆಯೇ ಇನ್ನೊಂದು ಪುಸ್ತಕ ತಂದರು, 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ'. ಅಂದ್ರೆ ಏರಿ ಮೇಲೆ ಕೂತು ಗಾಳ ಬಿಡೋದು ಆ ಕಾಲಕ್ಕೇ ಇಂಗ್ಲಿಷ್ ಪುಸ್ತಕದ ವಿಷಯ ಆಗಿತ್ತು.

ಥಾಮಸ್ ಬರೀ ಶೋಕಿಗೆ ಬರೆದವರಲ್ಲ. ಹೊಳೆಗೆ ವಿಷ ಹಾಕೋದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಬಾಚೋದು ನಿಲ್ಲದಿದ್ದರೆ ಮೀನೇ ಉಳಿಯಲ್ಲ ಅಂತ ಸರ್ಕಾರಕ್ಕೆ ಹೇಳಿದರು. ಈ ಥರದ ಒತ್ತಾಯಗಳ ಹಿಂದೆಯೇ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲೋದು ಅಪರಾಧ ಆಯ್ತು. ಆಗ 'ಕಡೂರು ಜಿಲ್ಲೆ' ಅಂತಲೇ ಕರೆಸಿಕೊಳ್ಳುತ್ತಿದ್ದ ನಮ್ಮ ಚಿಕ್ಕಮಗಳೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನವೂ 1901ರಲ್ಲಿ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಕಾನೂನು ಮಾಡಿತು.

ಗಮನಿಸಿ, ಇಲ್ಲಿಯವರೆಗೂ ಕಾನೂನು ಹೇಳಿದ್ದು 'ಮೀನನ್ನು ಹೇಗೆ ಹಿಡೀಬಾರದು' ಅಂತ. 'ಮೀನು ಯಾರದ್ದು' ಅನ್ನೋ ಪ್ರಶ್ನೆ ಜೋರಾಗಿದ್ದು ಆಮೇಲೆ. ಅದಕ್ಕೆ ಕಾರಣ ಒಂದು ಇಂಜೆಕ್ಷನ್!

ನಮ್ಮ ಕೆರೆಗಳ ಮೂಲ ಮೀನು ಯಾವುದು? ಕುಚ್ಚು, ಗಿರ್ಲು, ಮುರುಗೋಡು, ಕೊರವ, ಬಾಳೆಮೀನು, ಹಾವುಮೀನು. ಇವನ್ನು ಯಾರೂ ತಂದು ಬಿಡಬೇಕಿರಲಿಲ್ಲ. ಮೊದಲ ಮಳೆಗೆ ಕೋಡಿ, ಹಳ್ಳ, ಗದ್ದೆ ಎಲ್ಲಾ ಒಂದಾದಾಗ ಮೀನು ಎದುರು ನೀರಿಗೆ ಹತ್ತಿ ಮೊಟ್ಟೆ ಇಡುತ್ತವೆ. ಮಲೆನಾಡಿನಲ್ಲಿ ಇದನ್ನೇ 'ಹತ್ತು ಮೀನು' ಅನ್ನೋದು. ಅಯ್ಯನಕೆರೆ ಕಡೆಯ ವೇದಾ, ಮದಗದಕೆರೆ ಕಡೆಯ ಅವತಿ ಎರಡೂ ಕೂಡಿ ವೇದಾವತಿ ಆಗುತ್ತೆ, ಮುಂದೆ ವಾಣಿವಿಲಾಸ ಸಾಗರ ಸೇರುತ್ತೆ. ನೀರಿಗಿದ್ದ ದಾರಿಯೇ ಮೀನಿಗೂ ದಾರಿ.

ಇವತ್ತು ಮಾರ್ಕೆಟ್ಟಿನಲ್ಲಿ 'ಕೆರೆ ಮೀನು' ಅಂತ ಕೊಡೋದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಇವು ಗಂಗಾ ನದಿ ಕಡೆಯ ಮೀನು. ನಿಂತ ನೀರಿನ ಕೆರೆಯಲ್ಲಿ ಇವು ಮರಿ ಮಾಡಲ್ಲ. ಹಾಗಾಗಿ ಬಂಗಾಳದ ಹೊಳೆಗಳಲ್ಲಿ ಮರಿ ಹಿಡಿದು ದೂರದೂರಿಗೆ ರೈಲಿನಲ್ಲಿ ಕಳಿಸುತ್ತಿದ್ದ ಕಾಲವೊಂದಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ, ಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸಿದರು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ.

ಅಲ್ಲಿಂದ ಮರಿ ಉತ್ಪಾದನೆ ದೇಶದ ತುಂಬಾ ಹಬ್ಬಿತು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿಯಿತು. ಪಕ್ಕದ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಮರಿ ಸಾಕೋ ಸರ್ಕಾರಿ ಕೇಂದ್ರವೂ ಬಂತು. ಬಡವರ ತಟ್ಟೆಗೆ ಅಗ್ಗದ ಪ್ರೋಟೀನ್ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಲೆಕ್ಕ ಬದಲಾಯ್ತು. ಮಳೆ ತಂದ ಮೀನಿಗೆ ಬಿಲ್ ಇಲ್ಲ. ಮರಿ ಕೊಂಡು ಬಿಟ್ಟ ಮೀನಿಗೆ ಬಿಲ್ ಇದೆ. ಬಿಲ್ ಕಟ್ಟಿದವನಿಗೆ ಗುತ್ತಿಗೆ ಬೇಕು, ಗುತ್ತಿಗೆ ಪಡೆದವನು ಕಾವಲು ಹಾಕ್ತಾನೆ. ಸಾಲ ಮಾಡಿ ಮರಿ ಬಿಟ್ಟ ಮೀನುಗಾರರ ಸಹಕಾರ ಸಂಘದ ಕಡೆಯಿಂದ ನೋಡಿದರೆ ಕಾವಲು ತಪ್ಪೂ ಅಲ್ಲ. ಏರಿ ಮೇಲೆ ಗಾಳ ಬಿಟ್ಟು ಕೂತವನು ಮಾತ್ರ ಒಂದೇ ತಲೆಮಾರಿನಲ್ಲಿ ಕಳ್ಳ ಆಗಿಬಿಟ್ಟ.

ಇದರ ಮಧ್ಯೆ ಕಷ್ಟ ಆಗಿರೋದು ಯಜಮಾನ ಇಲ್ಲದ ಮೀನಿಗೆ. 1952ರಲ್ಲಿ ಆಫ್ರಿಕಾ ಮೂಲದ ತಿಲಾಪಿಯ ಭಾರತಕ್ಕೆ ಬಂತು, ಅದೇ ನಮ್ಮ 'ಜಿಲೇಬಿ' ಮೀನು. ಕೆರೆಯಲ್ಲೇ ಮರಿ ಹಾಕುತ್ತೆ, ಬೇಗ ತುಂಬಿಕೊಳ್ಳುತ್ತೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಲ್ಲೇ ಕೇಂದ್ರ ಸರ್ಕಾರ ನಿಷೇಧ ಹಾಕಿದ್ದರೂ ಅದು ಪೂರ್ತಿ ಹೋಗಿಲ್ಲ. ಅದು ಕಂಡ ಮೀನನ್ನೆಲ್ಲಾ ತಿನ್ನುತ್ತೆ. ಗುತ್ತಿಗೆದಾರನ ಲೆಕ್ಕದಲ್ಲಿ ಕುಚ್ಚು, ಗಿರ್ಲಿಗೆ ಜಾಗ ಇಲ್ಲ. ಲೆಕ್ಕದಲ್ಲಿ ಇಲ್ಲದ್ದು ಕಡಿಮೆಯಾದರೆ ಗೊತ್ತಾಗೋದಾದರೂ ಯಾರಿಗೆ?

ಕಡೂರು ಬರದ ಸೀಮೆ. ಇಲ್ಲಿ ಕೆರೆ ತುಂಬೋದೇ ಹಬ್ಬ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷಕ್ಕೆ. ಅಜ್ಜಂಪುರದ ಸುರಂಗದ ಮೂಲಕ ಈಗ ಭದ್ರೆಯ ನೀರೂ ಆ ಕಡೆಗೆ ಹರಿಯುತ್ತೆ. ನೀರು ಬಂದಾಗ ಎಷ್ಟು ಅಡಿ ಆಯ್ತು ಅಂತ ಎಲ್ಲರೂ ಸ್ಟೇಟಸ್ ಹಾಕ್ತೀವಿ. ಆ ನೀರಿನಲ್ಲಿ ಯಾವ ಮೀನಿದೆ ಅಂತ ನೋಡೋರು ಕಡಿಮೆ.

ಇದೇ ಜಿಲ್ಲೆಯ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಜನ ಮೀನಿಗೆ ಮಂಡಕ್ಕಿ ಹಾಕ್ತಾರೆ. ಅಲ್ಲಿ ಯಾರೂ ಗಾಳ ಬಿಡಲ್ಲ, ಮೀನು ದೇವರದ್ದು. ಸರಿ, ಎಲ್ಲಾ ಕೆರೆಯನ್ನೂ ದೇವರಿಗೆ ಬಿಡೋಕಾಗಲ್ಲ. ಆದರೆ ಮೊಟ್ಟೆ ಹೊತ್ತು ಹತ್ತೋ ಮೀನನ್ನು ಆ ನಾಲ್ಕು ದಿನ ಕೂಳಿ ಇಟ್ಟು ಹಿಡಿಯದೆ ಬಿಡಬಹುದು. ಮನೆಯ ತೊಟ್ಟಿಯಲ್ಲಿ ಸಾಕಿದ ಹೊರಗಿನ ಮೀನನ್ನು ಕೆರೆಗೆ ಸುರಿಯದೆ ಇರಬಹುದು. ನಿಮ್ಮೂರ ಕೆರೆಯ ಗುತ್ತಿಗೆ ಯಾರಿಗಾಗಿದೆ, ಗಾಳಕ್ಕೆ ಅವಕಾಶ ಇದೆಯಾ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು.

ಮುಂದಿನ ಸಲ ಮನೆಯಲ್ಲಿ ಹಿರಿಯರ ಜೊತೆ ಕೂತಾಗ ಒಂದು ಕೆಲಸ ಮಾಡಿ. ಅವರು ಚಿಕ್ಕವರಿದ್ದಾಗ ಊರ ಕೆರೆಯಲ್ಲಿ ಯಾವ್ಯಾವ ಮೀನು ಸಿಗ್ತಿತ್ತು ಅಂತ ಕೇಳಿ, ಅವರು ಹೇಳಿದ ಹೆಸರುಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ಪಟ್ಟಿ ಇನ್ನೆಲ್ಲೂ ಬರೆದಿಟ್ಟಿರಲ್ಲ.