‘ಮೈತ್ರಿ’ಯ ನಿರೂಪಕ: ಒಂದು ತಪ್ಪು ಓದಿನ ಸುತ್ತ

ಪುನೀತ್ ರಾಜ್‌ಕುಮಾರ್ ಅವರ ಕಿರುತೆರೆಯ ಕೆಲಸದ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ಪುರಾವೆಯ ಹಂಗಿಲ್ಲದೆ ಓಡಾಡುತ್ತದೆ. ಅಮಿತಾಭ್ ಬಚ್ಚನ್ ಹಿಂದಿಯಲ್ಲಿ ಮಾಡಿದ್ದನ್ನು ಇವರು ಕನ್ನಡದಲ್ಲಿ ಮಾಡಿದರು. ಆಮೇಲೆ ಅದನ್ನೇ ‘ಮೈತ್ರಿ’ ಚಿತ್ರದಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ನ ಅಚ್ಚಿಗೆ ಹೊಯ್ದರು ಎನ್ನುವುದು ಅದು. ಹಳೆಯ ಚಿತ್ರಗಳ ವಿಚಾರದಲ್ಲಿ ನಾನು ಗುರುವೆಂದೇ ತಿಳಿದಿರುವ ಹಿರಿಯರೊಬ್ಬರೂ ಈಚೆಗೆ ಇದನ್ನೇ ಹೇಳಿದರು. ಅವರ ಮೇಲಿನ ಗೌರವ ಕಡಿಮೆಯಾಗಿಲ್ಲ. ಆದರೆ ಚಿತ್ರವನ್ನು ಅವರು ಇನ್ನೊಮ್ಮೆ ನೋಡಬೇಕಿತ್ತು.

ಮೊದಲ ಭಾಗಕ್ಕೆ ಇಸವಿಗಳೇ ಉತ್ತರ. ಬಚ್ಚನ್ 2000ದ ಜುಲೈನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಗೆ ಬಂದಾಗ ಅವರ ಎಬಿಸಿಎಲ್ ಕಂಪನಿ ಸಾಲದಲ್ಲಿ ಮುಳುಗಿತ್ತು, ಚಿತ್ರಗಳು ಓಡುತ್ತಿರಲಿಲ್ಲ. ಪುನೀತ್ 2012ರಲ್ಲಿ ಸುವರ್ಣ ವಾಹಿನಿಯ ‘ಕನ್ನಡದ ಕೋಟ್ಯಧಿಪತಿ’ಗೆ ಬಂದದ್ದು ‘ಜಾಕಿ’, ‘ಹುಡುಗರು’, ‘ಪರಮಾತ್ಮ’ ಸಾಲಾಗಿ ಬಂದ ಮೇಲೆ. ಒಬ್ಬರು ಬಿದ್ದಲ್ಲಿಂದ ಏಳಲು ಬಂದರು, ಇನ್ನೊಬ್ಬರು ನಿಂತ ಎತ್ತರದಿಂದ ಇಳಿದು ಬಂದರು. ಕಾರ್ಯಕ್ರಮದ ಚೌಕಟ್ಟು ಒಂದೇ ಆದ ಮಾತ್ರಕ್ಕೆ ಕುರ್ಚಿಯಲ್ಲಿ ಕೂತವರ ಕಥೆಯೂ ಒಂದೇ ಆಗಬೇಕಿಲ್ಲ. (ರಸಪ್ರಶ್ನೆಯೇ ಕನ್ನಡ ಕಿರುತೆರೆಗೆ 2012ರಲ್ಲಿ ಬಂತು ಎನ್ನುವವರಿಗೆ ಒಂದು ಮಾತು: ವೈದ್ಯ ನಾ. ಸೋಮೇಶ್ವರ ಅವರು ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಶುರುಮಾಡಿದ್ದು 2002ರಲ್ಲಿ. ಸರಿಯುತ್ತರಕ್ಕೆ ಅಲ್ಲಿ ಕೊಡುತ್ತಿದ್ದದ್ದು ಪುಸ್ತಕ. ಸಾವಿರಾರು ಕಂತು ಕಂಡ ಕಾರ್ಯಕ್ರಮವನ್ನು ಲೆಕ್ಕಕ್ಕೇ ಹಿಡಿಯದ ಚರಿತ್ರೆಯನ್ನು ಚರಿತ್ರೆ ಎನ್ನಲು ನನಗೆ ಮನಸ್ಸಿಲ್ಲ.)

ಇನ್ನು ‘ಮೈತ್ರಿ’. ಬಿ.ಎಂ. ಗಿರಿರಾಜ್ ನಿರ್ದೇಶಿಸಿದ ಈ ಚಿತ್ರ ಬಿಡುಗಡೆಯಾದದ್ದು 2015ರಲ್ಲಿ. ಮೋಹನ್‌ಲಾಲ್, ಅತುಲ್ ಕುಲಕರ್ಣಿ ಇದರಲ್ಲಿದ್ದಾರೆ. ರಿಮ್ಯಾಂಡ್ ಹೋಮಿನ ಹುಡುಗನೊಬ್ಬ ಕೋಟ್ಯಧಿಪತಿಗೆ ಬರುತ್ತಾನೆ. ಕಾರ್ಯಕ್ರಮ ನಡೆಸುವವರು ಪುನೀತ್ ರಾಜ್‌ಕುಮಾರ್, ತಮ್ಮದೇ ಹೆಸರಿನಲ್ಲಿ. ಬಡ ಹುಡುಗ, ಬಿಸಿ ಕುರ್ಚಿ, ಕೋಟಿ ರೂಪಾಯಿ ಇಷ್ಟು ಕಂಡ ಕೂಡಲೇ ನಮ್ಮವರಿಗೆ ಸ್ಲಮ್‌ಡಾಗ್ ನೆನಪಾಗಿಬಿಡುತ್ತದೆ.

ಇಂಥ ಮೇಲುನೋಟದ ಹೋಲಿಕೆಗಳ ಪರಿಚಯ ನನಗಿದೆ: ನಾನಿರುವುದು ಅಲ್ಲಾಳಸಂದ್ರದಲ್ಲಿ. ಊರಿನ ಹೆಸರಿನ ‘ಸಂದ್ರ’ದಲ್ಲಿ ಚಂದ್ರನನ್ನು ಕಾಣುವವರನ್ನು ದಿನವೂ ಎದುರಿಸಿ ಅಭ್ಯಾಸವಾಗಿದೆ. ಅದು ‘ಸಮುದ್ರ’, ಅಂದರೆ ಕೆರೆ. ಕೆರೆಯಂತೂ ಕಣ್ಣೆದುರಿಗೇ ಇದೆ. ಕಿವಿಗೆ ಒಂದೇ ಥರ ಕೇಳಿಸಿದ್ದೆಲ್ಲ ಒಂದೇ ಮೂಲದ್ದಲ್ಲ.

ಎರಡು ಚಿತ್ರಗಳ ನಿರೂಪಕರನ್ನು ಅಕ್ಕಪಕ್ಕ ಇಟ್ಟು ನೋಡಿ. ಸ್ಲಮ್‌ಡಾಗ್‌ನಲ್ಲಿ ಅನಿಲ್ ಕಪೂರ್ ಮಾಡಿದ ಪ್ರೇಮ್ ಕುಮಾರ್, ಹುಡುಗ ಬಚ್ಚಲಿಗೆ ಹೋದಾಗ ಆವಿ ಕಟ್ಟಿದ ಕನ್ನಡಿಯ ಮೇಲೆ ‘ಬಿ’ ಎಂದು ಬೆರಳಲ್ಲಿ ಬರೆದು ಬರುತ್ತಾನೆ. ಸರಿಯುತ್ತರ ‘ಡಿ’, ಜ್ಯಾಕ್ ಹಾಬ್ಸ್. ಸಹಾಯದ ಸೋಗಿನಲ್ಲಿ ದಾರಿ ತಪ್ಪಿಸಲು ನೋಡುತ್ತಾನೆ. ಹುಡುಗ ಮೋಸ ಹೋಗಲಿಲ್ಲವೆಂದು ಅವನನ್ನು ಪೊಲೀಸರ ಕೈಗೊಪ್ಪಿಸುತ್ತಾನೆ. ಆ ಕಥೆ ನಡೆಯುವುದೇ ನಿರೂಪಕನ ಹೊಟ್ಟೆಕಿಚ್ಚಿನಿಂದ. ‘ಮೈತ್ರಿ’ಯಲ್ಲಿ ನಿರೂಪಕ ಎದುರಾಳಿಯಲ್ಲ, ಹುಡುಗನಿಗೆ ಒತ್ತಾಸೆ. ಅದೂ ಕಲ್ಪಿತ ಹೆಸರಿನ ಮರೆಯಿಲ್ಲದೆ, ನಾಡೆಲ್ಲ ‘ಅಪ್ಪು’ ಎಂದು ಕರೆದ ವ್ಯಕ್ತಿಯಾಗಿಯೇ. ಅಚ್ಚು ಒಂದೇ ಆಗಿದ್ದರೆ ಅದರ ನಡುಗಂಬವೇ ತಿರುಗುಮುರುಗಾದದ್ದು ಹೇಗೆ? ಹಿರಿಯರು ಇದಕ್ಕೆ ‘ತಾರಾಮೌಲ್ಯದ ಒತ್ತಡ’ ಎಂದು ಉತ್ತರಿಸಿದರು. ನಾಯಕನಟ ಕೆಟ್ಟವನಾಗಿ ಕಾಣಬಾರದು ತಾನೆ ಎನ್ನುವುದು ಅವರ ವಾದ. ಇರಬಹುದು. ಆದರೆ ಒತ್ತಡ ಅದೊಂದೇ ಆಗಿದ್ದರೆ ಕಥೆಯ ನಡುವೆ ಕೂರಬೇಕಾದದ್ದು ನಾಯಕ, ಹುಡುಗನಲ್ಲ.

ಮೂಲವನ್ನು ಹುಡುಕಲು ಮುಂಬೈಗೆ ಹೋಗಬೇಕಾಗಿಲ್ಲ ಎಂಬುದು ನನ್ನ ಊಹೆ. 1985ರಲ್ಲಿ ಎನ್. ಲಕ್ಷ್ಮೀನಾರಾಯಣ್ ‘ಬೆಟ್ಟದ ಹೂವು’ ಮಾಡಿದರು. ಆಗಿನ್ನೂ ಮಾಸ್ಟರ್ ಲೋಹಿತ್ ಎಂದೂ ಕರೆಸಿಕೊಳ್ಳುತ್ತಿದ್ದ ಪುನೀತ್ ಅದರಲ್ಲಿ ರಾಮು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಾಡಿನ ಹೂಗಳನ್ನು ತಂದುಕೊಟ್ಟು ಕಾಸು ಕೂಡಿಸುವ ರಾಮುವಿನ ಕಣ್ಣು ಇರುವುದು ಅಂಗಡಿಯಲ್ಲಿರುವ ಒಂದು ಪುಸ್ತಕದ ಮೇಲೆ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಕೊನೆಗೆ ದುಡ್ಡು ಕೂಡಿದಾಗ ಅವನು ಮನೆಯವರಿಗಾಗಿ ಕಂಬಳಿ ಕೊಂಡು ಬರುತ್ತಾನೆ. ತಿಳಿವಳಿಕೆಯ ಹಸಿವಿರುವ ಬಡ ಹುಡುಗ, ಎದುರಿಗೆ ದುಡ್ಡಿನ ಲೆಕ್ಕ. ‘ಮೈತ್ರಿ’ಯಲ್ಲೂ ಇರುವುದು ಇದೇ. ಅಂದು ಹುಡುಗನಾಗಿದ್ದವರು ಇಲ್ಲಿ ಎದುರಿನ ಕುರ್ಚಿಯಲ್ಲಿದ್ದಾರೆ. ಗಿರಿರಾಜ್ ಅವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರು ಎಂದು ನಾನು ಸಾಧಿಸಲು ಹೊರಟಿಲ್ಲ. ನೋಡುವವರ ನೆನಪಿನಲ್ಲಿ ರಾಮು ಇದ್ದ ಎಂದಷ್ಟೇ ಹೇಳುತ್ತಿದ್ದೇನೆ.

ನಿರೂಪಕ ಎದುರಾಳಿಯಲ್ಲ, ಒತ್ತಾಸೆ ಎನ್ನುವುದಕ್ಕೆ ಭಾಷೆಯ ಸಾಕ್ಷಿಯೂ ಇದೆ. ಇಂಗ್ಲಿಷಿನ ‘ಹೋಸ್ಟ್’ಗೆ ಮಾತಿಗೆ ಮಾತು ಇಟ್ಟರೆ ‘ಆತಿಥೇಯ’ ಆಗಬೇಕು. ಆದರೆ ನಮ್ಮಲ್ಲಿ ನಿಂತ ಪದ ‘ನಿರೂಪಕ’. ಕಾದಂಬರಿಯಲ್ಲಿ ಕಥೆ ಹೇಳುವವನಿಗೂ ಅದೇ ಹೆಸರು. ಎದುರಿಗೆ ಬಂದವರ ಬದುಕನ್ನು ಬಿಡಿಸಿ ಹೇಳುವುದು ಆ ಹುದ್ದೆಯ ಒಳಗೇ ಇದೆ. (ಭಾಷೆಯಿಂದ ಚರಿತ್ರೆ ಎಳೆಯುವುದು ಅಪಾಯವೆಂದು ಗೊತ್ತು, ನನ್ನದೇ ಊರಿನ ಉದಾಹರಣೆಯನ್ನು ಮೇಲೆ ಕೊಟ್ಟಿದ್ದೇನೆ.)

‘ಮೈತ್ರಿ’ಯನ್ನು ಹೀಗೆ ಓದಿದರೆ ಪುನೀತ್ ಕಿರುತೆರೆಯಲ್ಲಿದ್ದ ಇಸವಿಗಳ ನಡುವಿನ ತೂತು ಮುಚ್ಚುತ್ತದೆ. ಸುವರ್ಣದಲ್ಲಿ 2012, 2013. ಕಲರ್ಸ್ ಕನ್ನಡದಲ್ಲಿ 2017ಕ್ಕೆ ‘ಫ್ಯಾಮಿಲಿ ಪವರ್’. 2018ರ ಕೋಟ್ಯಧಿಪತಿಯನ್ನು ರಮೇಶ್ ಅರವಿಂದ್ ನಡೆಸಿದರು. 2019ರಲ್ಲಿ ವಾಹಿನಿ ಬದಲಾಗಿ ಕುರ್ಚಿ ಮತ್ತೆ ಪುನೀತ್‌ಗೆ ಬಂತು. ಎರಡು ವರ್ಷ ಮಾಡಿ ಬಿಟ್ಟ ಹವ್ಯಾಸ ಎಂದು ಬರೆಯುವವರು 2015ನ್ನು ಚಿತ್ರಗಳ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಈ ಪಟ್ಟಿಗೂ ಸೇರಬೇಕು.

ನಮ್ಮ ಕೆರೆಯ ಹತ್ತಿರದ ಕ್ಷೌರದಂಗಡಿಯಲ್ಲಿ 2021ರ ಅಕ್ಟೋಬರಿನಲ್ಲಿ ಅಪ್ಪು ತೀರಿಕೊಂಡ ನಂತರ ತೂಗುಹಾಕಿದ ಅವರ ಪಟವಿದೆ, ಬಿಳಿ ಪಾರಿವಾಳದ ಜೊತೆಗಿನದು, ‘ರಾಜಕುಮಾರ’ ಚಿತ್ರದ್ದು. ಅದರ ಕೆಳಗೆ, ಕನ್ನಡಿಯ ಮೂಲೆಗೆ ಸಿಕ್ಕಿಸಿದ ಇನ್ನೊಂದು ಚಿಕ್ಕ ಫೋಟೊದಲ್ಲಿ ಅವರು ಸೂಟು ತೊಟ್ಟು, ಮುಂದಕ್ಕೆ ಬಾಗಿ, ಎದುರಿನವರ ಮಾತು ಕೇಳುತ್ತಿದ್ದಾರೆ. ಯಾವ ಪಿಕ್ಚರ್‌ದು ಅಂತ ಕೇಳಿದೆ. ಕತ್ತರಿ ನಿಲ್ಲಿಸದೆ ಅಂಗಡಿಯವರು ಹೇಳಿದರು: “ಪಿಕ್ಚರ್ ಅಲ್ಲ ಸಾರ್, ಕೋಟ್ಯಧಿಪತಿದು.”