ಮೂರು ಊರು, ಒಂದು ಮಾತು

ಪರ್ತ್‌ಗೆ ಬಂದ ಹೊಸದರಲ್ಲಿ ಫ್ರೀಮ್ಯಾಂಟಲ್ ಕಲಾಕೇಂದ್ರಕ್ಕೆ ಸಂಗೀತ ಕೇಳಲು ಹೋಗಿದ್ದೆ. ಸುಣ್ಣಕಲ್ಲಿನ ಆ ಚೆಂದದ ಕಟ್ಟಡವನ್ನು 1860ರ ದಶಕದಲ್ಲಿ ಬ್ರಿಟನ್ನಿನಿಂದ ಗಡಿಪಾರಾದ ಕೈದಿಗಳು ಹುಚ್ಚಾಸ್ಪತ್ರೆಗೆಂದು ಕಟ್ಟಿದ್ದು ಎಂದು ತಿಳಿದದ್ದು ಆಮೇಲೆ. ಮಾನಸಿಕ ಆರೋಗ್ಯ ವಿಭಾಗದಲ್ಲಿ ಸೋಷಿಯಲ್ ವರ್ಕರ್ ಆಗಿದ್ದ ನನಗೆ ಅಂದಿನಿಂದ ಹೋದ ಊರಲ್ಲೆಲ್ಲ ಹಳೆಯ ಗೋಡೆಗಳನ್ನು ಹುಡುಕುವ ಚಟ ಹತ್ತಿತು. ಬ್ರಿಸ್ಬೇನ್‌ನಲ್ಲಿ ಸಿಕ್ಕಿದ್ದು ಊರಾಚೆ ನದಿಯ ದಡದಲ್ಲಿ 1865ರಲ್ಲಿ ತೆರೆದ ವೂಗರೂ. ಈಗ ನಾನಿರುವ ಅಡಿಲೇಡ್‌ನಲ್ಲಿ 1870ರ ಪಾರ್ಕ್‌ಸೈಡ್, ಇಂದಿನ ಗ್ಲೆನ್‌ಸೈಡ್. ಅದರ ಹಳೆಯ ಕಟ್ಟಡದಲ್ಲೀಗ ಸಿನಿಮಾ ಸ್ಟುಡಿಯೋ ಇದೆ.

ಮೂರನ್ನೂ ಕಟ್ಟಿಸಿದ ನಂಬಿಕೆ ಒಂದೇ: ರೋಗಿಯನ್ನು ಮನೆಯಿಂದ ದೂರ ಇಡಬೇಕು. ಬೆಂಗಳೂರಿನಲ್ಲೂ ಬ್ರಿಟಿಷರ ಕಾಲದ ಅಂಥದೇ ಆಸ್ಪತ್ರೆಯಿತ್ತು. ಅದು 1974ರಲ್ಲಿ ನಿಮ್ಹಾನ್ಸ್‌ನೊಳಗೆ ಸೇರಿತು. ಆದರೆ ಅಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ವಾರ್ಡಿನಲ್ಲೇ ಉಳಿಯುವ ರೂಢಿ ಬೆಳೆಯಿತು. ಆಸ್ಟ್ರೇಲಿಯಾದಲ್ಲಿ 1992ರ ರಾಷ್ಟ್ರೀಯ ನೀತಿ ಬೇರೆ ದಾರಿ ಹಿಡಿಯಿತು. ದೊಡ್ಡ ಆಸ್ಪತ್ರೆಗಳು ಕಿರಿದಾಗಲಿ, ಸೇವೆಯೇ ರೋಗಿಯ ಊರುಕೇರಿಗೆ ಹೋಗಲಿ ಎಂದಿತು. ನಮ್ಮಂಥವರು ಕಾರು ಹತ್ತಿ ಮನೆಮನೆಗೆ ಹೊರಟದ್ದು ಹೀಗೆ.

ಮನೆಯವರು ಜೊತೆಗಿದ್ದರೆ ಸಾಕು ಎಂದು ನಾನೂ ನಂಬಿದ್ದೆ. ಬ್ರಿಸ್ಬೇನ್‌ನ ಒಂದು ಮನೆ ಅದನ್ನು ಅಲುಗಾಡಿಸಿತು. ಸೊಸೆಯ ಬಾಣಂತನಕ್ಕೆಂದು ಬಂದಿದ್ದ ತಾಯಿ ತಿಂಗಳಿಂದ ನಿದ್ದೆಗೆಟ್ಟಿದ್ದರು. ಡಾಕ್ಟರ ಪ್ರಶ್ನೆಗೆ ಅವರು "ಸಾಕಾಗಿಹೋಗಿದೆ ಕಣಪ್ಪಾ" ಎಂದರು. ಮಗ ಅದನ್ನು ಇಂಗ್ಲಿಷಿನಲ್ಲಿ "ಸ್ವಲ್ಪ ಸುಸ್ತು" ಎಂದು ದಾಟಿಸಿದ. ಡಾಕ್ಟರು ಹಾಗೆಯೇ ಬರೆದುಕೊಂಡರು. ಮಗನ ಮುಖ ನೋಡಿ ನಾನೂ ಒಂದು ಗಳಿಗೆ ಸುಮ್ಮನಿದ್ದೆ. ಆಮೇಲೆ ಕನ್ನಡದಲ್ಲೇ ಕೇಳಿದೆ: "ಸಾಕಾಗಿದೆ ಅಂದ್ರೆ ಜೀವಾನೇ ಬೇಡ ಅನ್ನಿಸ್ತಿದೆಯೇನಮ್ಮಾ?" ಅವರು ಸೆರಗು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದರು.

ಮಗ ಸುಳ್ಳು ಹೇಳಿರಲಿಲ್ಲ. ಹೆತ್ತವಳ ಆ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳಲು ಅವನ ನಾಲಿಗೆ ಏಳಲಿಲ್ಲ, ಅಷ್ಟೆ. ಈ ದೇಶದಲ್ಲಿ ಫೋನಿನಲ್ಲಿ ದುಭಾಷಿ ಸಿಗುವ ಸರ್ಕಾರಿ ಸೇವೆ 1973ರಿಂದಲೂ ಇದೆ. ಆದರೆ ನಮ್ಮ ಜನ "ಮಗ ಇದ್ದಾನಲ್ಲ" ಎಂದು ಬೇಡವೆನ್ನುತ್ತಾರೆ. ಮನೆಯ ವಿಷಯ ಪರರ ಕಿವಿಗೆ ಬೀಳಬಾರದೆಂಬ ಅಳುಕು.

ಅಂದಿನಿಂದ ಮಾತು ಶುರುವಾಗುವ ಮೊದಲೇ 13 14 50ಕ್ಕೆ ಫೋನ್ ಮಾಡುತ್ತೇನೆ. ಮಕ್ಕಳನ್ನು ಹೊರಗೆ ಕಳಿಸುವುದಿಲ್ಲ. ತಾಯಿಯ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಲು ಹೇಳುತ್ತೇನೆ. ಮಾತು ದಾಟಿಸುವ ಹೊರೆ ಮಾತ್ರ ಅವರಿಗೆ ಬೇಡ.